ಚುಕ್ಕಿ ಇಡುತ್ತಿದ್ದ ಟೀಚರ್

ಅವರ ಬಲಗೈಯ ನಡುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟಗಾಗಿತ್ತು. ಮೂವತ್ತು ವರ್ಷ ಪೆನ್ಸಿಲನ್ನು ಒಂದೇ ಕಡೆ ಒತ್ತಿ ಹಿಡಿದು ಅಲ್ಲೊಂದು ಗಟ್ಟಿ ಗಂಟು ಎದ್ದಿತ್ತು, ಹುಣಸೆಬೀಜದಷ್ಟು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ, ಮೊಣಕಾಲು ಮಡಿಸಲಾರದೆ ಅಡ್ಡಕ್ಕೆ ಕೂತು, ಅವರು ಆ ಬೆರಳಿನಿಂದ ಪೆನ್ಸಿಲು ಎತ್ತಿದರೆ ಬೋರ್ಡಿನ ಮೇಲೆ ನನ್ನ ಕೈ ತಡವರಿಸುತ್ತಿತ್ತು.

ನಾನು ಬಹರೈನಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಮಾಸ್ತರ. ಆಗಲೇ ಹದಿನಾರು ವರ್ಷ ಸರ್ವಿಸ್ ಆಗಿತ್ತು, ಕೆಲಸ ಕಾಯಂ. ಕಾಯಂ ಆದವನನ್ನು ಯಾರು ಅಲುಗಾಡಿಸುತ್ತಾರೆ ಎಂಬ ಧೈರ್ಯದಲ್ಲಿ ದಿನ ದೂಡುತ್ತಿದ್ದೆ ಎಂದರೂ ಸುಳ್ಳಲ್ಲ. ಎಂಟನೇ ತರಗತಿಯ ಫಲಿತಾಂಶ ಎರಡು ವರ್ಷ ಮೇಲಿಂದ ಮೇಲೆ ಇಳಿಯಿತು. ಪೋಷಕರ ದೂರುಗಳು ಬಂದವು. ಆಗ ಸ್ಕೂಲಿನವರು ಒಂದು ಹೊಸ ಪದ್ಧತಿ ತಂದರು. ಎಡವುತ್ತಿರುವ ಹಳೆಯ ಟೀಚರಿಗೆ ಇನ್ನೊಬ್ಬ ಹಿರಿಯ ಟೀಚರನ್ನು ಒಂದು ವರ್ಷ ಜೊತೆ ಮಾಡುವುದು. ಅವರು ತರಗತಿಯಲ್ಲಿ ಕೂರಬೇಕು, ತಿದ್ದಬೇಕು, ಎರಡು ಸಲ ವರದಿ ಬರೆಯಬೇಕು. ಮಾರ್ಚಿನಲ್ಲಿ ಅರ್ಧ ಟೀಚರುಗಳು, ಅರ್ಧ ಆಡಳಿತದ ಮೇಲಿನವರು ಇರುವ ಸಮಿತಿ ಆ ವರದಿ ನೋಡಿ, ಇವನು ಇರಬೇಕೇ ಹೋಗಬೇಕೇ ಎಂದು ತೀರ್ಮಾನಿಸುತ್ತದೆ.

ಹೋಗುವುದೆಂದರೆ ಇಲ್ಲಿ ಬರೀ ಕೆಲಸ ಹೋಗುವುದಲ್ಲ. ಹೆಂಡತಿಯ ವೀಸಾ, ಮಗಳ ವೀಸಾ, ಎರಡೂ ನನ್ನ ಕೆಲಸದ ಬಾಲಕ್ಕೆ ಕಟ್ಟಿದವು. ಮಗಳು ಹನ್ನೊಂದರಲ್ಲಿದ್ದಳು. ಹನ್ನೆರಡಕ್ಕೆ ಕಾಲಿಡುವ ಹೊತ್ತಿಗೆ ಅವಳನ್ನು ಎತ್ತಿ ಊರಿಗೆ ಒಯ್ದರೆ ಯಾವ ಕಾಲೇಜು ನಡುವಿನಲ್ಲಿ ಸೇರಿಸಿಕೊಳ್ಳುತ್ತದೆ? ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ಆ ಒಂದು ಪ್ರಶ್ನೆ.

ನನಗೆ ಜೊತೆ ಮಾಡಿದ್ದು ವಿಜ್ಞಾನದ ಟೀಚರನ್ನು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡಿದ್ದರು. ಆ ಕಡೆಯ ರೂಢಿಯಂತೆ ನಾವು ಅವರನ್ನು 'ಬಾಯಿ' ಎನ್ನುತ್ತಿದ್ದೆವು. ಸಲ್ಮಾನಿಯಾದಲ್ಲಿ, ನರ್ಸ್ ಆಗಿದ್ದ ತಂಗಿಯ ಜೊತೆ ಫ್ಲಾಟಿನಲ್ಲಿದ್ದರು. ಸ್ಟಾಫ್ ರೂಮಿನ ಚಾ ಮುಟ್ಟುತ್ತಿರಲಿಲ್ಲ, ಫ್ಲಾಸ್ಕಿನಿಂದ ಜೀರಿಗೆ ನೀರು ಕುಡಿಯುತ್ತಿದ್ದರು. ಯಾರು ಏನೇ ಹೇಳಲಿ, ಅವರದ್ದು ಒಂದೇ ಮಾತು: "ಹೌದಾ, ಮತ್ತೆ?" ಅಷ್ಟು ಕೇಳಿದರೆ ಸಾಕು, ಎದುರಿನವರು ಹೇಳಬಾರದ್ದನ್ನೂ ಹೇಳಿಬಿಡುತ್ತಿದ್ದರು. ನಮ್ಮ ಅಜ್ಜಿ ಇಂಥವರನ್ನು ಕಂಡರೆ ಸೆರಗು ಬಿಗಿ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ನನ್ನ ಅನುಮಾನಕ್ಕೆ ಗೊಬ್ಬರ ಹಾಕಿದವನು ಪುತ್ತೂರು ಕಡೆಯ ನಮ್ಮ ಪಿ.ಟಿ. ಮಾಸ್ತರ.

"ಮಾರಾಯ, ನಿನಗೆ ತಲೆ ಉಂಟಾ? ಆ ಬಾಯಿಗೆ ಈಗ ಅರ್ಧದಷ್ಟು ಪೀರಿಯಡ್ ಮಾಫಿ. ಯಾಕೆ ಹೇಳು? ನಿನ್ನ ಚಂದ ನೋಡ್ಲಿಕ್ಕಾ?"

"ಸಹಾಯಕ್ಕೆ ಅಂತ ಹೇಳಿದ್ದಾರಲ್ಲ."

"ಸಹಾಯ ಅಂತೆ. ಮೇಲಿನವರ ಕಣ್ಣು ಅದು. ಪುಸ್ತಕದಲ್ಲಿ ಎಂತ ಬರೀತಾರೆ ಅಂತ ಒಮ್ಮೆ ಬಗ್ಗಿ ನೋಡು. ಆಮೇಲೆ ನೀನೇ ಹೇಳ್ತಿ, ಖಲಾಸ್ ಅಂತ."

ಬಗ್ಗಿ ನೋಡಿದೆ. ಪುಟದ ತುಂಬ ಚೌಕಗಳು, ಚೌಕಗಳಲ್ಲಿ ಚುಕ್ಕಿಗಳು. ಒಂದು ಪಾಠಕ್ಕೆ ಎಪ್ಪತ್ತರ ಹತ್ತಿರ ಇದ್ದವು. ಒಂದೊಂದು ಚುಕ್ಕಿ ನನ್ನ ಒಂದೊಂದು ತಪ್ಪು ಎಂದು ಖಾತ್ರಿಯಾಯಿತು. ಅಲ್ಲಿಂದ ಮುಂದೆ ಪೆನ್ಸಿಲು ಅಲ್ಲಾಡಿದಾಗಲೆಲ್ಲ ನಾನು ಆಗಷ್ಟೇ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಶುರು ಮಾಡಿದೆ. ಒಮ್ಮೆ ಸರಿಯಾಗಿದ್ದ ಲೆಕ್ಕವನ್ನೇ ಒರೆಸಿಬಿಟ್ಟೆ. ಮುಂದಿನ ಸಾಲಿನ ಹುಡುಗಿ ಮೆಲ್ಲಗೆ, "ಸರ್, ಇಟ್ ವಾಸ್ ಕರೆಕ್ಟ್" ಎಂದಳು.

ಹೀಗಾದರೆ ಆಗದು ಎಂದು ಒಂದು ಉಪಾಯ ಹೂಡಿದೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಅವರಿಗೆ ಬೇರೆ ತರಗತಿ. ಆ ದಿನ ಸಮೀಕರಣದ ಪಾಠವನ್ನು ಮಕ್ಕಳಿಗೆ ಪೂರ್ತಿ ಮಾಡಿ ಮುಗಿಸಿದೆ. ಸೋಮವಾರ ಅವರ ಎದುರು ಅದನ್ನೇ ಹೊಸದೆಂಬಂತೆ ಮಾಡಿದೆ. ಪಾಠ ನೀರು ಹರಿದ ಹಾಗೆ ಹರಿಯಿತು, ತುಸು ಜಾಸ್ತಿಯೇ ಹರಿಯಿತು. ನಾನು ಮೂರನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುವ ಮೊದಲೇ ಒಬ್ಬ, "ಎಕ್ಸ್ ಈಸ್ ಸೆವೆನ್, ಸರ್" ಎಂದ.

ಹಿಂದಿನ ಬೆಂಚಿನಲ್ಲಿ ಪುಸ್ತಕ ಮುಚ್ಚಿದ ಸದ್ದಾಯಿತು. ಬೆಲ್ಲು ಹೊಡೆದು ಮಕ್ಕಳು ಹೊರಗೆ ಹೋದ ಮೇಲೆ ಕೇಳಿದರು:

"ನಿನ್ನೆ ಮಾಡಿದ್ದಾ ಇದು?"

"ಇಲ್ಲವಲ್ಲ."

"ಹೌದಾ, ಮತ್ತೆ?"

ನಾನು ಡಸ್ಟರ್ ಕೊಡವಿದೆ. ಅವರು ತಾವಾಗಿಯೇ ಪುಸ್ತಕ ಬಿಡಿಸಿ ನನ್ನ ಕಡೆ ತಿರುಗಿಸಿದರು.

"ಇದು ನಿಮ್ಮ ಕ್ಲಾಸು. ಈ ಮನೆಗಳೆಲ್ಲ ಮಕ್ಕಳು. ನೀವು ಯಾರನ್ನು ಪ್ರಶ್ನೆ ಕೇಳಿದ್ರೋ ಅವರ ಮನೆಗೆ ಒಂದು ಚುಕ್ಕಿ."

"ತಪ್ಪಿಗೆ ಅಲ್ವಾ?"

"ನಿಮ್ಮ ತಪ್ಪು ಲೆಕ್ಕ ಮಾಡ್ಲಿಕ್ಕೆ ನನಗೆ ಎಲ್ಲಿ ಪುರುಸೊತ್ತು?"

ಕಿಟಕಿ ಬದಿಯ ಮುಂದಿನ ಐದು ಮನೆಗಳು ಚುಕ್ಕಿಗಳಿಂದ ಕಪ್ಪಾಗಿದ್ದವು. ಬಾಗಿಲ ಬದಿಯ ಹಿಂದಿನ ಸಾಲು ಬೆಳ್ಳಗಿತ್ತು. ಒಂದು ತಿಂಗಳ ಪುಟಗಳನ್ನು ಮಗುಚಿದರು. ಎಲ್ಲದರಲ್ಲೂ ಆ ಸಾಲು ಹಾಗೆಯೇ ಬೆಳ್ಳಗಿತ್ತು.

ಮರುದಿನ ಆ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿದೆ. ಸಿತ್ರಾದಿಂದ ಬಸ್ಸಿನಲ್ಲಿ ಬರುವವಳು. ಅವಳು ಸುಮ್ಮನೆ ನಿಂತಳು. ಬೇರೆ ದಿನವಾಗಿದ್ದರೆ ಒಂದು ಉಸಿರಿಗೆ ನಾನು ಕಿಟಕಿ ಬದಿಗೆ ಹಾರುತ್ತಿದ್ದೆ. ಹಿಂದಿನಿಂದ ಆ ಬಾಯಿ ಅಂಗೈ ಎತ್ತಿ, ನಿಲ್ಲಿ ಎಂದರು. ನಿಂತೆ. ಕೊನೆಗೆ ಹುಡುಗಿ ಉತ್ತರ ಹೇಳಿದಳು. ಅದು ತಪ್ಪು ಉತ್ತರ. ಆದರೆ ನಾನು ವಿವರಿಸದೆ ಹಾರಿಸಿಬಿಟ್ಟ ಹೆಜ್ಜೆ ಯಾವುದು ಎಂದು ಆ ತಪ್ಪಿನಲ್ಲಿ ಚೆನ್ನಾಗಿ ಕಂಡಿತು. "ಅರ್ಥವಾಗಲಿಲ್ಲ ಎಂದು ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಿದರೆ, "ಯು ನೆವರ್ ಆಸ್ಕ್ಡ್ ಮಿ, ಸರ್" ಎಂದಳು.

ಇಷ್ಟಾದ ಮೇಲೆ ನನ್ನ ಅನುಮಾನ ಕರಗಬೇಕಿತ್ತು. ಕರಗುವುದರಲ್ಲಿತ್ತು ಕೂಡ. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಮೊದಲ ವರದಿ ಬಂತು. ಸಮಿತಿಗೆ ಕೊಡುವ ಮೊದಲು ಅವರು ಅದನ್ನು ನನ್ನ ಕೈಗಿತ್ತರು. ಅದು ಅವರೇ ಮಾಡಿಕೊಂಡ ನಿಯಮ. 'ಇವರಿಗೆ ಐದು ಮಕ್ಕಳಿಗೆ ಪಾಠ ಮಾಡಲು ಬರುತ್ತದೆ. ತರಗತಿಯಲ್ಲಿ ಇರುವುದು ಮೂವತ್ತೆರಡು. ಹೀಗೇ ಇದ್ದರೆ ಮುಂದುವರಿಸಬಾರದು.'

ಹಾಳೆಯನ್ನು ಮೇಜಿನ ಮೇಲಿಟ್ಟೆ. "ನನ್ನ ಮಗಳನ್ನು ನೀವು ನೋಡಿದ್ದೀರಿ. ಅವಳ ವಿಷಯ ಗೊತ್ತಿದ್ದೂ ಹೀಗೆ ಬರೆದಿರಾ?"

"ಗೊತ್ತುಂಟು. ಆ ಇಪ್ಪತ್ತೇಳು ಮಕ್ಕಳೂ ಯಾರದ್ದೋ ಮಕ್ಕಳೇ ಅಲ್ವಾ? ಇಲ್ಲಿ ಸೈನ್ ಹಾಕಿ. ಓದಿದ್ದೀರಿ ಅಂತ ಮಾತ್ರ, ಒಪ್ಪಿದ್ದೀರಿ ಅಂತ ಅಲ್ಲ."

ಸೈನ್ ಹಾಕಿದೆ. ಅಂದಿನಿಂದ ಅವರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಪಿ.ಟಿ. ಮಾಸ್ತರ, "ನಾನು ಹೇಳಿರ್ಲಿಲ್ವಾ?" ಎಂದು ಬೆನ್ನು ತಟ್ಟಿದ. ಅವರಿಗೆ ಬರೆಯಲು ಏನೂ ಸಿಗಬಾರದು ಎಂಬ ಹಟದಲ್ಲೇ ನಾನು ಬಾಗಿಲ ಬದಿಗೆ ನಡೆದೆ. ಮನೆಯಲ್ಲಿ ಕೂತು ನನ್ನದೇ ಚೌಕ ಹಾಕಿಕೊಂಡೆ. ಮೊಣಕಾಲು ನೋವಿದ್ದರೂ ಅವರು ಒಂದು ದಿನವೂ ತಪ್ಪಿಸಲಿಲ್ಲ. ಒಮ್ಮೆ ತಾವೇ ನನ್ನ ಮಕ್ಕಳಿಗೆ ಪಾಠ ಮಾಡಿ, ಚುಕ್ಕಿ ಇಡಲು ನನ್ನನ್ನು ಹಿಂದೆ ಕೂರಿಸಿದರು. ಆಮೇಲೆ ಪುಟ ನೋಡಿ ನಕ್ಕರು. "ನನ್ನದೂ ಕಿಟಕಿ ಬದಿಗೇ ಜಾಸ್ತಿ ಹೋಗಿದೆ ನೋಡಿ." ನಾನು ನಗಲಿಲ್ಲ. ನನ್ನನ್ನು ಮೆತ್ತಗೆ ಮಾಡಲು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದುಕೊಂಡೆ.

ಮಾರ್ಚಿನಲ್ಲಿ ಎರಡನೆಯ ವರದಿ ಬರೆದರು. 'ಈಗ ಇಪ್ಪತ್ತೆಂಟು ಮಕ್ಕಳನ್ನು ತಲುಪುತ್ತಾರೆ. ಉಳಿದ ನಾಲ್ವರು ಯಾರೆಂದು ಇವರಿಗೆ ಗೊತ್ತಿದೆ. ಮುಂದುವರಿಸಬೇಕು.' ಸಮಿತಿ ನನ್ನನ್ನು ಉಳಿಸಿಕೊಂಡಿತು.

ಅದೇ ತಿಂಗಳು ಅವರ ನಿವೃತ್ತಿ. ಊರಿಗೆ ಹೊರಡುವ ಮೊದಲು ನೋಡಿಬರೋಣ ಎಂದು ಸಲ್ಮಾನಿಯಾಕ್ಕೆ ಹೋದೆ. ನೆಲದ ಮೇಲೆ ಕಾಲು ಚಾಚಿ ಕೂತು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ.

"ನನ್ನನ್ನು ತೆಗೀಲಿಕ್ಕೆ ಅಂತ್ಲೇ ನಿಮ್ಮನ್ನು ಕೂರಿಸಿದ್ದಲ್ವಾ?"

"ಹೌದು," ಎಂದರು, ತಲೆ ಎತ್ತದೆ. "ಶುರುವಿನಲ್ಲೇ ಮೇಲಿನವರು ಕರೆದು ಹೇಳಿದ್ರು. ಮಾರ್ಚಿಗೆ ಇವರದ್ದು ಮುಗಿಯುವ ಹಾಗೆ ಬರೀರಿ ಅಂತ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಪಾಠ ಬಿಟ್ಟು ಅವರತ್ರ ಜಗಳಕ್ಕೆ ಹೋಗ್ತಿದ್ರಿ. ಇಲ್ಲಿ ಸ್ವಲ್ಪ ಬೆರಳು ಒತ್ತಿ ಹಿಡೀರಿ."

ಹಗ್ಗದ ಮೇಲೆ ಬೆರಳು ಒತ್ತಿದೆ. "ಹಾಗಾದ್ರೆ ಆ ಮೊದಲಿನ ವರದಿ?"

"ಅದು ನಿಜ ಅಲ್ವಾ? ಅವರಿಗೆ ಬೇಕಿತ್ತು ಅಂತ ಅದು ಸುಳ್ಳಾಗ್ತದಾ? ಮೊದಲಿನದ್ದು ಸರಿ ಅಂತ ಒಪ್ಪಿದವರಿಗೆ ಎರಡನೆಯದ್ದು ತಪ್ಪು ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

ಮುಂದಿನ ವರ್ಷ ಮಗಳು ಇಲ್ಲಿಯೇ ಹನ್ನೆರಡನೆಯ ಪರೀಕ್ಷೆ ಬರೆದಳು. ಟೀಚರಿಗೆ ಫೋನು ಮಾಡಿ ಅಂಕ ಹೇಳಿದೆ. "ಹೌದಾ, ಮತ್ತೆ?" ಎಂದರು. ಆಗ ಒಂದು ಗಂಟೆ ಮಾತಾಡಿದೆ.

ಕಳೆದ ವರ್ಷ ಅವರು ಮಂಗಳೂರಿನಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಅವರ ತಂಗಿಯನ್ನು ನೋಡಲು ಸಲ್ಮಾನಿಯಾಕ್ಕೆ ಹೋದೆ. ಅಕ್ಕ ಊರಿಗೆ ಹೋದ ಮೇಲೆ ಆ ಫ್ಲಾಟಿನಲ್ಲಿ ಒಬ್ಬರೇ ಇದ್ದರು. ನನ್ನ ಗುರುತು ಹೇಳಿದೆ.

"ಓ, ಆ ಗಣಿತದವರು ನೀವೇನಾ? ಅಕ್ಕನಿಗೆ ಇನ್ನೂ ಎರಡು ವರ್ಷ ಸರ್ವಿಸ್ ಕೊಡ್ತೇವೆ ಅಂತ ಸ್ಕೂಲಿನವರು ಹೇಳಿದ್ರು. ನಿಮ್ಮ ವಿಷಯ ಅವರು ಹೇಳಿದ ಹಾಗೆ ಮುಗಿಸಿದ್ರೆ ಅಂತ. ನಾನೂ ಹೇಳಿದೆ, ಬರೆದು ಕೊಡು, ಇಬ್ರೂ ಒಟ್ಟಿಗೆ ಇರ್ಲಿಕ್ಕೆ ಆಗ್ತದೆ ಅಂತ. ಕೇಳ್ಲೇ ಇಲ್ಲ."

ಇಡೀ ವರ್ಷ ಅವರ ಪ್ರತಿಯೊಂದು ಮಾತನ್ನೂ, ಪ್ರತಿಯೊಂದು ಚುಕ್ಕಿಯನ್ನೂ ಅನುಮಾನಿಸಿದವನು ನಾನು. ನನ್ನ ವರದಿಗೆ ಅವರು ತಮ್ಮ ಕೆಲಸವನ್ನೇ ಬಿಟ್ಟುಕೊಟ್ಟಿರಬಹುದು ಎಂಬ ಆ ಒಂದು ಅನುಮಾನ ಮಾತ್ರ ನನಗೆ ಬಂದಿರಲಿಲ್ಲ.