ಹಿಂದಿನ ಚಕ್ರದ ಗೆರೆ

ಹೊಸ ಟೈರಿಗೆ ಒಂದು ವಾಸನೆಯಿದೆ. ಚೆನ್ನಾಗಿದೆ ಅನ್ನಲಾರೆ, ಕೆಟ್ಟದ್ದು ಅನ್ನಲೂ ಮನಸ್ಸು ಬರುವುದಿಲ್ಲ. ಇವತ್ತು ಬೆಳಿಗ್ಗೆ ಹಾಸನದ ಟೈರ್ ಅಂಗಡಿಯೊಂದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನನ್ನ ಅಂಗೈ ಬೆವರಿತು. ಟೈರ್ ವಾಸನೆಗೆ ಬೆವರುವವರೂ ಇದ್ದಾರೆಯೇ ಎಂದು ನೀವು ನಗಬಹುದು. ನಗಿ, ಬೇಜಾರಿಲ್ಲ. ನನ್ನ ಹೆಂಡತಿ ಆಗಲೇ ಸಾಕಷ್ಟು ನಕ್ಕಿದ್ದಾಳೆ.

ನಾನು ಕಾಗದ, ಪೆನ್ನು ಮಾರುವ ಅಂಗಡಿಯವನು. ಹುಟ್ಟಾ ಪುಕ್ಕಲ. ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಎಳೆಯುವ ಪೈಕಿ. ಇಂಥವನು ಕಾರು ಕೊಂಡದ್ದೇ ಅತಿಯಾಯಿತು. ಕೊಂಡ ಹೊಸತರಲ್ಲೇ ಚನ್ನರಾಯಪಟ್ಟಣದ ರಸ್ತೆಯಲ್ಲಿ ಬಸ್ಸೊಂದು ಸವರಿಕೊಂಡು ಹೋಗಿ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡಿತು. ನನಗೇನೂ ಆಗಲಿಲ್ಲ. ಆದರೆ ಸುದ್ದಿ ಹಳೇಕೋಟೆಯಲ್ಲಿರುವ ನಮ್ಮ ಅಕ್ಕನ ಕಿವಿ ಮುಟ್ಟುವಷ್ಟರಲ್ಲಿ ಕಾರು ಮಗುಚಿಯೇ ಬಿದ್ದಿತ್ತು.

ಅಕ್ಕನ ವಿಷಯ ಒಂದಿಷ್ಟು ಹೇಳಬೇಕು. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಗಾತ್ರವೂ ದೊಡ್ಡದು, ದನಿಯೂ ದೊಡ್ಡದು. ಕಾರಿನಲ್ಲಿ ಹಿಂದಿನ ಸೀಟಿನ ಎಡಮಗ್ಗುಲು ಅವಳದ್ದೇ ಜಾಗ. ನಾನು ಗೇರು ಹಾಕುವ ಮುಂಚೆಯೇ ಅವಳ ಗೊರಕೆ ಶುರುವಾಗುತ್ತಿತ್ತು. ನನ್ನ ಡ್ರೈವಿಂಗಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ.

ಕನ್ನಡಿ ಹೋದ ಮಾರನೆಯ ವರ್ಷ ಅಕ್ಕ, ಅವಳ ಸೊಸೆ, ನನ್ನ ಹೆಂಡತಿ ಮೂವರನ್ನೂ ಚನ್ನರಾಯಪಟ್ಟಣದ ಮದುವೆಗೆ ಕರೆದುಕೊಂಡು ಹೋಗಿ ಬಂದೆ. ಬಂದ ಮೇಲೆ ಗಾಳಿ ಹಿಡಿಸಲು ಹೋದಾಗ ಟೈರ್ ಅಂಗಡಿಯವನು ಹಿಂದಿನ ಎಡಗಡೆಯ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತವನು ಏಳಲೇ ಇಲ್ಲ.

"ಇದೇನ್ ಸಾ, ಇಂಗ್ ಕುಯ್ದೈತೆ? ಯಾರಾರ ಆಗ್ದೋರು ಅವ್ರಾ ನಿಮ್ಗೆ?"

ಬಗ್ಗಿ ನೋಡಿದೆ. ಹೊರಗೆ ಕಾಣುವ ಕಡೆ ಏನೂ ಇರಲಿಲ್ಲ. ಒಳಮಗ್ಗುಲಲ್ಲಿ, ಟೈರಿನ ಭುಜದ ಮೇಲೆ, ಸುತ್ತಲೂ ಒಂದೇ ಸಮನಾದ ಗೆರೆ. ಮಡಕೆಯ ಕತ್ತಿಗೆ ಕುಂಬಾರ ಎಳೆಯುವ ಗೆರೆಯಷ್ಟು ಅಚ್ಚುಕಟ್ಟು. ಬೆರಳಿಟ್ಟರೆ ಉಗುರು ಒಳಗೆ ಹೋಗುತ್ತಿತ್ತು. "ಇನ್ನೊಂದಷ್ಟ್ ದಿನ ಓಡ್ಸಿದ್ರೆ ಸಿಡೀತಿತ್ತು ಸಾ" ಅಂದ ಅವನು, ತಣ್ಣಗೆ.

ಕಾಗದ ಮಾರುವವನಿಗೆ ಆಗದವರು ಎಲ್ಲಿಂದ ಬರಬೇಕು? ಆದರೂ ಯೋಚಿಸಿದೆ. ಎಷ್ಟು ಯೋಚಿಸಿದರೂ ಹೇಳಿಕೊಳ್ಳುವಂಥ ಒಬ್ಬ ಶತ್ರುವೂ ಸಿಗದೆ ಸ್ವಲ್ಪ ಅವಮಾನವೇ ಆಯಿತೆನ್ನಿ. ಮನುಷ್ಯರನ್ನು ಬಿಟ್ಟು ರಸ್ತೆಯ ಮೇಲೆ ಅನುಮಾನಪಟ್ಟೆ. ಅಕ್ಕನ ಊರಿಗೆ ಹೋಗುವ ಹೊಳೆನರಸೀಪುರದ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಗೇ ಹುರುಳಿ ಗಿಡ ಹರವುತ್ತಾರೆ, ವಾಹನಗಳು ತುಳಿದು ಒಕ್ಕಣೆ ಮಾಡಲಿ ಎಂದು. ಆ ಕಡ್ಡಿ ಸುತ್ತಿಕೊಂಡಿರಬಹುದೇ? ಕಡ್ಡಿ ರಬ್ಬರನ್ನು ಕುಯ್ಯುತ್ತದೆಯೇ? ಕಲ್ಲು ತಾಗಿದ್ದರೆ ಒಂದು ಕಡೆ ಗಾಯವಾಗಬೇಕು, ಸುತ್ತಲೂ ಹೇಗೆ? ಟೈರು ಬದಲಾಯಿಸಿದೆ. ತಲೆಯೊಳಗಿನ ಗೆರೆ ಹೋಗಲಿಲ್ಲ.

ಹೋಗದಿರಲು ಕಾರಣವಿತ್ತು. ನಮ್ಮ ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದೇವೆ. ಅವಳಿಗೆ ಏಳು ತಿಂಗಳು ತುಂಬಿತ್ತು. ಸೀಮಂತ ಮುಗಿಸಿ, ಬಾಣಂತನಕ್ಕೆ ಹಾಸನಕ್ಕೆ ಕರೆದುಕೊಂಡು ಬರಬೇಕು. ಎರಡು ಸಲ ಕೈತಪ್ಪಿ ಮೂರನೆಯದಕ್ಕೆ ನಿಂತ ಬಸಿರು. "ಎತ್ತಿಹಾಕದ ಹಾಗೆ ಕರೆದುಕೊಂಡು ಬನ್ನಿ" ಎಂದು ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದ್ದರು. ಬಾಡಿಗೆ ಕಾರು ಮಾಡೋಣ ಎಂದಳು ಹೆಂಡತಿ. ಬಾಡಿಗೆ ಕಾರಿನ ಟೈರಿನ ಒಳಮಗ್ಗುಲನ್ನು ಯಾರು ಕಂಡಿದ್ದಾರೆ?

ಊರೊಳಗೆ ಓಡಾಡಿದೆ, ಕೊರವಂಗಲದವರೆಗೆ ಒಬ್ಬನೇ ಹೋಗಿ ಬಂದೆ. ಪ್ರತಿ ಸಲವೂ ಕೈ ತೂರಿಸಿ ಸವರಿ ನೋಡಿದೆ. ನುಣ್ಣಗಿತ್ತು. ಧೈರ್ಯ ಬಂದು, ಸೀಮಂತದ ತಿಂಡಿ ಮಾಡಿಸಲು ಅಕ್ಕನನ್ನೂ ಅವಳ ಸೊಸೆಯನ್ನೂ ಹಳೇಕೋಟೆಯಿಂದ ಕರೆತಂದೆ, ಹೆಂಡತಿಯೂ ಜೊತೆಗಿದ್ದಳು. ಮನೆ ಮುಂದೆ ಇಳಿದು ಕೈ ತೂರಿಸಿದರೆ, ಅದೇ ಗೆರೆ. ಹೊಸ ಟೈರು, ಅದೇ ಜಾಗ.

"ಒಂದು ಹೇಳ್ಲಾ? ಬೈಬಾರ್ದು" ಎಂದಳು ಹೆಂಡತಿ, ಒಳಗೆ ಚಕ್ಕುಲಿ ಒತ್ತುತ್ತಿದ್ದ ಅಕ್ಕನಿಗೆ ಕೇಳದಂತೆ. "ಹಿಂದುಗಡೆ ಭಾರ ಇದ್ದಾಗ ಮಾತ್ರ ಆಗ್ತಿದೆ."

ಹೌದಲ್ಲ! ಆದರೆ ಅಕ್ಕನನ್ನು ಕೂರಿಸಿ ಪರೀಕ್ಷೆ ಮಾಡುವುದು ಹೇಗೆ? ಕಾರನ್ನು ಅಂಗಡಿಯ ಹಿಂದಕ್ಕೆ ತಂದು, ಜೆರಾಕ್ಸ್ ಕಾಗದದ ಬಂಡಲುಗಳನ್ನು ಸೀಟಿನ ಮೇಲೆ ಒಟ್ಟುತ್ತಾ ಹೋದೆ. ಕಾಗದಕ್ಕೆ ಎಂಥ ತೂಕವಿದೆ ಎಂಬುದು ಹೊತ್ತವನಿಗೇ ಗೊತ್ತು. ಕಾರು ಕುಂಡೆ ಊರಿತು. ನೆಲಕ್ಕೆ ಮಲಗಿ ಮೊಬೈಲಿನ ಬೆಳಕು ಬಿಟ್ಟೆ. ಮಡ್‌ಗಾರ್ಡಿನ ಒಳಗೆ, ಕೆಸರು ಮೆತ್ತಿ ಅದರದ್ದೇ ಬಣ್ಣಕ್ಕೆ ತಿರುಗಿದ್ದ ಏನೋ ಒಂದು ಟೈರಿಗೆ ಮುತ್ತಿಡುವಷ್ಟು ಹತ್ತಿರಕ್ಕೆ ಬಂದಿತ್ತು. ಅಂಚು ಮಾತ್ರ ತಿಕ್ಕಿ ತಿಕ್ಕಿ ಫಳಫಳ ಹೊಳೆಯುತ್ತಿತ್ತು.

ಎತ್ತಿನ ಗೊರಸಿಗೆ ಹೊಡೆಯುವ ಲಾಳ. ಕಟ್ಟು ತಂತಿಯಿಂದ ಬಿಗಿದು ಕಟ್ಟಿತ್ತು. ಕೆಸರು ಕೆರೆದರೆ ಕೆಳಗೆ ಅರಿಶಿನ, ಕುಂಕುಮ.

ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ. ಅಕ್ಕನ ಮನೆಯಲ್ಲಿ ಕೆಂದ ಎಂಬ ಎತ್ತಿತ್ತು. ಯಾವ ಇಳಿಜಾರಿನಲ್ಲೂ ಮುಗ್ಗರಿಸಲಿಲ್ಲ ಎಂಬುದು ಆ ಮನೆಯ ಹೆಮ್ಮೆ. ಅದು ಸತ್ತ ಮೇಲೂ ಅದರ ಲಾಳಗಳನ್ನು ಅಕ್ಕ ಸೂರಿಗೆ ಸಿಕ್ಕಿಸಿಟ್ಟಿದ್ದಳು. ಕನ್ನಡಿ ಹೋದ ವರ್ಷದ ಆಯುಧಪೂಜೆಗೆ ಅವಳ ಮನೆಗೆ ಹೋಗಿದ್ದಾಗ, "ನೀನ್ ಉಣ್ಣೋಗ್ಲಾ, ನಾನು ಗಾಡಿಗೆ ನೀವಾಳ್ಸಿ ಬತ್ತೀನಿ" ಎಂದು ನನ್ನನ್ನು ಒಳಗೆ ಕಳಿಸಿ, ಬಹಳ ಹೊತ್ತು ಹೊರಗೇ ಉಳಿದಿದ್ದಳು. ಲಾಳ ಅಂದರೆ ಕಾಲಿಗೆ ಸೇರಿದ್ದು. ಕಾರಿನ ಕಾಲು ಚಕ್ರವಲ್ಲದೆ ಮತ್ತೇನು? ಅಲ್ಲಿಗೇ ಕಟ್ಟಿದ್ದಳು.

ಬಿಚ್ಚಿದೆ. ಗೆರೆ ಬಿದ್ದ ಟೈರನ್ನೂ ಬದಲಾಯಿಸಿದೆ. ಬಿಚ್ಚಿದ ಮೇಲೆ ಶುರುವಾಯಿತು ನೋಡಿ ಬೇರೆಯದೇ ಹೆದರಿಕೆ. ಕೆಂದನ ಲಾಳವನ್ನು ಕಿತ್ತು ಮಗಳನ್ನು ಕರೆತರಲು ಹೋಗುವುದೇ? ಇದನ್ನೆಲ್ಲ ನಂಬುವವನಲ್ಲ ನಾನು, ಆದರೆ ಮನೆಯಲ್ಲಿಟ್ಟು ಹೊರಡುವ ಧೈರ್ಯವೂ ಆಗಲಿಲ್ಲ. ಸ್ಟೇರಿಂಗಿನ ಪಕ್ಕದ ಡ್ಯಾಷ್‌ಬೋರ್ಡಿನ ಖಾನೆಯಲ್ಲಿಟ್ಟುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ತಮ್ಮನನ್ನು ಕಾಯಲಿ ಎಂದು ಕಟ್ಟಿದ್ದೇ ಅವನ ಚಕ್ರವನ್ನು ಕುಯ್ಯುತ್ತಿತ್ತು ಎಂದು ಯಾವ ಬಾಯಲ್ಲಿ ಹೇಳಲಿ?

ಸೀಮಂತ ಮುಗಿಸಿ ಅರಕಲಗೂಡಿನಿಂದ ಹೊರಟೆವು. ಹಿಂದೆ ನಡುವೆ ಮಗಳು, ಎಡಕ್ಕೆ ಅಕ್ಕ, ಬಲಕ್ಕೆ ಹೆಂಡತಿ. ಊರು ದಾಟುವಷ್ಟರಲ್ಲಿ ಮಗಳಿಗೆ ಹೊಟ್ಟೆ ತೊಳಸಿತು. ಖಾನೆ ತೆರೆದು ಪೆಪ್ಪರ್‌ಮಿಂಟು ತೆಗೆದುಕೊಟ್ಟೆ. ಶುಂಠಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆ. ರಸ್ತೆಯ ಒಂದೊಂದು ಉಬ್ಬಿಗೂ ಸದ್ದು ಬಂತೇ ಎಂದು ಕಿವಿಗೊಟ್ಟೆ. ಆವತ್ತು ಅಕ್ಕ ನಿದ್ದೆ ಮಾಡಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಮಗಳ ಕೈ ಹಿಡಿದು ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಬಸುರಿ ಪಕ್ಕದಲ್ಲಿದ್ದಾಳಲ್ಲ, ಅದಕ್ಕೆ ಎಂದುಕೊಂಡೆ. ಮನೆ ಸೇರಿ ಚಕ್ರ ಸವರಿದರೆ ಒಂದು ಗೀರೂ ಇರಲಿಲ್ಲ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆದರೂ ಎಲ್ಲಿಗೇ ಹೊರಡಲಿ, ಹಿಂದಿನ ಚಕ್ರಕ್ಕೆ ಕೈ ತೂರಿಸದೆ ನಾನು ಕಾರು ಹತ್ತಿದವನಲ್ಲ.

ಇವತ್ತು ಸವೆದ ಟೈರುಗಳನ್ನು ಬದಲಾಯಿಸುತ್ತಿದ್ದ ಅಂಗಡಿಯವನು ಮುಂದಿನ ಬಂಪರಿನ ಅಡಿಯಿಂದ ಕೂಗಿದ: "ಸಾ, ಇಲ್ಲೇನೋ ಕಟ್ಟವ್ರೆ ನೋಡಿ!"

ಲಾಳ. ಚಕ್ರಗಳಿಂದ ದೂರಕ್ಕೆ, ಸರಿಯಾಗಿ ನಡುವೆ. ತಂತಿಯಲ್ಲ, ನೂಲಿನ ದಾರ. ಖಾನೆ ತೆರೆದು ನೋಡಿದೆ; ಹಳೆಯದು ಅಲ್ಲೇ ಇತ್ತು. ಅಕ್ಕನಿಗೆ ಫೋನು ಹಚ್ಚಿದೆ.

"ಊಂ, ಓದ್ ಆಯುಧಪೂಜೇಲಿ ನಾನೇ ಕಟ್ಟಿವ್ನಿ. ಗಾಲಿಗೆ ತಾಗಾಕಿಲ್ಲ ಅಂತ ನೋಡ್ಕಂಡೇ ಕಟ್ಟಿರೋದು."

"ಗಾಲಿಗೆ ತಾಗ್ತಿತ್ತು ಅಂತ ನಿಂಗ್ಯಾರು ಹೇಳಿದ್ರು ಅಕ್ಕಾ?"

"ಯಾರ್ ಯೋಳ್ಬೇಕು? ಆವತ್ತು ಕೂಸಿಗೆ ಪೆಪ್ಪರ್‌ಮೆಂಟ್ ಕೊಡಾಕೆ ತಗದ್ಯಲ್ಲ, ಅಲ್ಲಿತ್ತು. ಅಂಚೆಲ್ಲ ಸವ್ದು ಫಳ್ ಅಂತಿತ್ತು. ನಂಗೇನ್ ಕಣ್ ಕಾಣಾಕಿಲ್ವೇನ್ಲಾ?"

"ಮತ್ತೆ ಆವಾಗ್ಲೇ ಯಾಕೆ ಮಾತಾಡ್ಲಿಲ್ಲ?"

"ನೀನ್ ಮೊದ್ಲೇ ನಡುಗ್ತಾ ಇದ್ದೆ. ನಂಗೂ ಎದ್ರಿಕೆ ಆಯ್ತದೆ ಅಂದಿದ್ರೆ ಗಾಡಿ ಯಾರ್ಲಾ ಓಡ್ಸೋರು?"

ಅಷ್ಟು ವರ್ಷ ಆ ದಾರಿಯ ಭಯವೆಲ್ಲ ನನ್ನೊಬ್ಬನದೇ ಎಂದುಕೊಂಡಿದ್ದೆ.

"ಬಿಚ್ಚಿ ಬಿಸಾಕ್ಲಾ ಸಾ?" ಎಂದು ಅಂಗಡಿಯವನು ಕೇಳಿದ. ಬೇಡ, ಇರಲಿ ಎಂದೆ. ಮನೆಗೆ ಹೋಗಬೇಕಾದವನು ಹಳೇಕೋಟೆಯ ಕಡೆಗೆ ತಿರುಗಿಸಿದೆ. ಹೊರಡುವ ಮುಂಚೆ ಚಕ್ರಕ್ಕೆ ಕೈ ತೂರಿಸಿ ನೋಡಲಿಲ್ಲವಲ್ಲ ಎಂಬುದು ಅರ್ಧ ದಾರಿ ಸವೆದ ಮೇಲೆ ನೆನಪಾಯಿತು. ಇಳಿದು ನೋಡಲಿಲ್ಲ.