ಧನಂಜಯನ ಬಹುಮಾನದ ಕಥೆ

ವಾಸಂತಿ ಧಾರವಾಡದವರು. ವಿಶಾಖಪಟ್ಟಣದಲ್ಲಿ ಬ್ಯಾಂಕ್ ಅಧಿಕಾರಿ; ಅಲ್ಲಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಸಂಪಾದಕಿ. ಆ ವರ್ಷ ಕಥಾಸ್ಪರ್ಧೆಯ ಬಹುಮಾನ ಅದೇ ಬ್ಯಾಂಕಿನ ವಿಜಯವಾಡ ಶಾಖೆಯ ಧನಂಜಯನಿಗೆ ಬಂತು. ಗಂಡನ ಮನೆ ಬಿಟ್ಟು, ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ ಇಡ್ಲಿ ಮಾರಿ ಮಗಳನ್ನು ಓದಿಸಿದ ಹೆಂಗಸಿನ ಕಥೆ. ತೀರ್ಪುಗಾರರು ಹೊಗಳಿದ್ದೇ ಹೊಗಳಿದ್ದು. ವಾಸಂತಿ ಮಾತ್ರ ಕರಡು ತಿದ್ದುವಾಗ ಒಂದು ಸಾಲಿನಲ್ಲಿ ನಿಂತುಬಿಟ್ಟರು: ‘ಗಂಡ ಅವಳ ಮೇಲೆ ಕೈ ಮಾಡಿಕೊಂಡ.’ ಕನ್ನಡದಲ್ಲಿ ಕೈ ಮಾಡುತ್ತಾರೆ, ಮಾಡಿಕೊಳ್ಳುವವರು ತೆಲುಗಿನವರು.

ಫೋನ್ ಮಾಡಿದರು. “ಇದು ಯಾವ ಊರಿನ ಕನ್ನಡರೀ, ಧನಂಜಯ?”

“ತುಮಕೂರು ಬಿಟ್ಟು ಎಷ್ಟು ವರ್ಷ ಆಯ್ತು ಮೇಡಂ! ದಿನಾ ತೆಲುಗೇ ಮಾತಾಡೋದು, ಬರೆಯುವಾಗಲೂ ನುಗ್ಗುತ್ತೆ.”

ಒಪ್ಪಬಹುದಾದ ಮಾತೇ. ಆದರೆ ಉತ್ತರ ಮೊದಲೇ ಸಿದ್ಧವಾಗಿದ್ದಂತಿತ್ತು. ಆತನ ಹಿಂದಿನ ಕಥೆಗಳನ್ನು ತೆಗೆದು ನೋಡಿದರು. ಅವುಗಳಲ್ಲಿ ತೆಲುಗಿನ ಸುಳಿವೇ ಇರಲಿಲ್ಲ.

ಮುಂದಿನ ವಾರ ಬ್ಯಾಂಕಿನ ಕೆಲಸಕ್ಕೆ ವಿಜಯವಾಡಕ್ಕೆ ಹೋದವರು ಗವರ್ನರ್‌ಪೇಟೆಯ ಆ ಶಾಖೆಗೂ ಹೋದರು. ಧನಂಜಯ ಊಟಕ್ಕೆ ಹೋಗಿದ್ದ. ಪಕ್ಕದ ಕುರ್ಚಿಯ ವಿಜಯಲಕ್ಷ್ಮೀಗೆ, “ನಿಮ್ಮ ಧನಂಜಯ ಎಂಥ ಕಥೆ ಬರೆದಿದ್ದಾರೆ ಗೊತ್ತೇ?” ಎಂದು ತೆಲುಗಿನಲ್ಲೇ ಆ ಕಥೆ ಹೇಳತೊಡಗಿದರು. ಅರ್ಧದಲ್ಲೇ ಆಕೆಯ ಮುಖ ಕಳೆಗುಂದಿತು.

“ಅದಿ ಮಾ ಅಮ್ಮ ಕಥಂಡಿ!”

ತನ್ನ ತಾಯಿಯ ಬದುಕನ್ನೇ ತೆಲುಗಿನಲ್ಲಿ ಕಥೆಯಾಗಿ ಬರೆದು ಆಕೆ ಬ್ಯಾಂಕಿನ ಮಹಿಳಾ ದಿನಾಚರಣೆಯಲ್ಲಿ ಓದಿದ್ದಳು. ಚೆನ್ನಾಗಿದೆ ಎಂದು ಪ್ರತಿ ಕೇಳಿ ಪಡೆದವನು ಧನಂಜಯ.

ಊಟ ಮುಗಿಸಿ ಬಂದವನಿಗೆ ಇಬ್ಬರ ಮುಖ ನೋಡಿಯೇ ತಿಳಿಯಿತು.

“ಕನ್ನಡದಲ್ಲಿ ಬಂದ್ರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ ಮೇಡಂ...”

“ಅನುವಾದ ಅಂತ ಹಾಕಿದ್ರ ಅದಕ್ಕೂ ಮರ್ಯಾದಿ ಇತ್ತಲ್ರೀ,” ಎಂದರು ವಾಸಂತಿ.

ವಿಜಯಲಕ್ಷ್ಮೀ ಗದರಲಿಲ್ಲ. ಕನ್ನಡಕ್ಕೆ ತರಲೇ ಎಂದು ಕೇಳಿದ್ದರೆ ನಾನೇ ಒಪ್ಪಿಗೆ ಕೊಡುತ್ತಿದ್ದೆ ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗಿದಳು. ಆಮೇಲೆ ಆತನೊಡನೆ ಮಾತು ನಿಲ್ಲಿಸಿದಳು. ಸಂಘ ಬಹುಮಾನ ಹಿಂಪಡೆಯಿತು.

ಮರುವರ್ಷ ಧನಂಜಯ ಬಸ್ ಕಂಡಕ್ಟರ್ ಆಗಿದ್ದ ತನ್ನ ಅಪ್ಪನ ಕುರಿತು ಬರೆದು ಕಳುಹಿಸಿದ. “ಇದು ನಂದೇ ಮೇಡಂ, ದೇವ್ರಾಣೆ,” ಎಂದು ಫೋನಿನಲ್ಲಿ ಅಂಗಲಾಚಿದ. ಕಥೆ ಚೆನ್ನಾಗಿತ್ತು; ಮಾತೆಲ್ಲ ತುಮಕೂರಿನದೇ. ಆದರೂ ವಾಸಂತಿ ಪ್ರತಿ ಸಾಲನ್ನೂ ಅನುಮಾನದಿಂದಲೇ ಓದಿದರು. ಸಂಚಿಕೆಯ ಸಮಿತಿಯ ಸಭೆಯಲ್ಲಿ ಸದಸ್ಯ ಕೇಶವಮೂರ್ತಿ, “ಇದನ್ನೆಲ್ಲಿಂದ ಎತ್ತಿದಾನೋ?” ಎಂದು ನಕ್ಕರು. ಇದು ಕದ್ದದ್ದಲ್ಲವೆನ್ನಲು ವಾಸಂತಿಗೆ ಧೈರ್ಯ ಬರಲಿಲ್ಲ.

ಕಥೆ ಅಚ್ಚಾಗಲಿಲ್ಲ. ಧನಂಜಯ ಮತ್ತೇನನ್ನೂ ಬರೆದು ಕಳುಹಿಸಲಿಲ್ಲ. ಅದು ಅವನದೇ ಆಗಿತ್ತೇನೋ ಎಂಬ ಕಸಿವಿಸಿ ವಾಸಂತಿಗೆ ಈಗಲೂ ಇದೆ.