ಮಗಳ ಸಿಟ್ಟಿಗೆ ಕಿವಿಗೊಟ್ಟ ಎಳನೀರು ದೇವರಾಜು

ಭಾನುವಾರದ ಬೆಳಗು, ಇನ್ನೂ ಬಿಸಿಲು ಏರಿಲ್ಲ. ಮೈಸೂರಿನ ಗೋಕುಲಂ ಬಡಾವಣೆಯ ಯೋಗಶಾಲೆಯೊಂದರ ಬಾಗಿಲು ತೆರೆದು, ಬೆವರಲ್ಲಿ ಮಿಂದ ಹತ್ತಾರು ಮಂದಿ ಚಾಪೆ ಸುತ್ತಿಕೊಂಡು ಹೊರಬರುತ್ತಾರೆ. ಅವರ ಕಾಲು ತಾನಾಗಿಯೇ ಎದುರಿನ ಹೊಂಗೆ ಮರದ ಕಡೆ ತಿರುಗುತ್ತದೆ. ಮರದ ಕೆಳಗಿನ ತಳ್ಳುಗಾಡಿಯ ಮೇಲೆ ಎಳನೀರಿನ ರಾಶಿ. ಅದರ ಹಿಂದೆ ಮಚ್ಚು ಹಿಡಿದು ನಿಂತಿರುವವರು ದೇವರಾಜು.

"ನೀರಾ, ಗಂಜಿಯಾ?" ಎಂದು ಕೇಳುತ್ತಲೇ ಅವರು, ಒಳಗೆ ಬರೀ ನೀರೋ ಎಳೆಯ ತಿರುಳಿನ ಗಂಜಿಯೋ ಎಂದು ಕಾಯಿಗೆ ಬೆರಳಲ್ಲಿ ತಟ್ಟುತ್ತಾರೆ. ಮೂರು ಏಟಿಗೆ ಬಾಯಿ ತೆರೆದುಕೊಳ್ಳುತ್ತದೆ. ಸ್ಪೇನ್ ದೇಶದ ಕೆಂಪು ಕೂದಲಿನ ಹೆಂಗಸೊಬ್ಬರು ಕಷ್ಟಪಟ್ಟು "ಗಂಜಿ ಬೇಕು" ಎನ್ನುತ್ತಾರೆ. ಪಕ್ಕದ ಕಟ್ಟೆಯ ಮೇಲೆ ಕೂತಿರುವ ಹತ್ತು ವರ್ಷದ ಹುಡುಗಿಗೆ ಅಷ್ಟು ಸಾಲದು. "ಬರೀ ಬೇಕು ಅಂದ್ರೆ ಎಂಗೆ ಆಂಟಿ? ತೆಳ್ಳಗಿರೋದು ಬೇಕಾ, ದಪ್ಪಗಿರೋದು ಬೇಕಾ?" ಎಂದು ಅಚ್ಚ ಕನ್ನಡದಲ್ಲಿ ವಿಚಾರಣೆಗೆ ಇಳಿಯುತ್ತಾಳೆ. ಆಂಟಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಇಬ್ಬರೂ ನಗುತ್ತಾರೆ.

ಈಕೆ ದಿವ್ಯ, ದೇವರಾಜು ಅವರ ಒಬ್ಬಳೇ ಮಗಳು. ಹೋದ ವರ್ಷ ಇದೇ ಹೊತ್ತಿಗೆ ಈ ಹುಡುಗಿಯದು ಮನೆಯಲ್ಲಿ ಬಾಯಿ ಬಿಟ್ಟರೆ ಕಿರುಚಾಟ, ಇಲ್ಲದಿದ್ದರೆ ಮೌನ. ಅಲ್ಲಿಂದ ಇಲ್ಲಿಗೆ ಅವಳನ್ನು ಕರೆತಂದ ದಾರಿಯ ಬಗ್ಗೆ ದೇವರಾಜು ಜಾಸ್ತಿ ಹೇಳಿಕೊಳ್ಳುವವರಲ್ಲ. "ನಾನೇನ್ ಮಾಡ್ದೆ ಸಾರ್, ಸುಮ್ನೆ ಕೂತಿದ್ದೆ ಅಷ್ಟೇಯ" ಎನ್ನುತ್ತಾರೆ.

ಸುಮ್ಮನೆ ಕೂರುವುದು ಅವರಿಗೆ ಮನೆಯಿಂದ ಬಂದ ವಿದ್ಯೆಯಂತೂ ಅಲ್ಲ. ನಂಜನಗೂಡು ಕಡೆಯ ಹಳ್ಳಿಯವರು. "ನಮ್ಮಪ್ಪನ ಬಾಯಿ ಮಾತಾಡಿದ್ದು ಕಮ್ಮಿ, ಕೈ ಮಾತಾಡಿದ್ದೇ ಜಾಸ್ತಿ" ಎಂದು ನಗುತ್ತಾರೆ. ಏಳನೆಯ ತರಗತಿಗೆ ಓದು ನಿಂತಿತು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುತ್ತ ಹತ್ತು ವರ್ಷ ಕಳೆದರು. ಸೊಂಟ ಕೈಕೊಟ್ಟ ಮೇಲೆ ಗಾಡಿ ಹಾಕಿಕೊಂಡು ಮೈಸೂರಿಗೆ ಬಂದರು. ಈಗಲೂ ನಸುಕಿಗೇ ಎದ್ದು ಲೋಡು ಇಳಿಸಿಕೊಳ್ಳಬೇಕು. ಬೇಸಿಗೆಯಲ್ಲಿ ದಿನಕ್ಕೆ ಇನ್ನೂರು ಕಾಯಿ ಕೆತ್ತಿದರೆ ಸಂಜೆಗೆ ಬಲಗೈ ಅನ್ನ ಕಲಸಲೂ ಒಲ್ಲೆ ಎನ್ನುತ್ತದೆ. ಹೆಂಡತಿ ಮಂಗಳಮ್ಮನಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಾಗ, ಊರಿನಲ್ಲಿದ್ದ ಮಗಳನ್ನೂ ತಾಯಿ ಬೀರಮ್ಮನನ್ನೂ ಕರೆಸಿಕೊಂಡು ಮೇಟಗಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದರು. ಎಲ್ಲರೂ ಒಂದೇ ಸೂರಿನಡಿ ಸೇರಿದ ಖುಷಿ. ದಿವ್ಯಳನ್ನು ವರ್ಷದ ನಡುವೆಯೇ ಹತ್ತಿರದ ಶಾಲೆಗೆ ಸೇರಿಸಿದರು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಖುಷಿಗೆ ಕಲ್ಲು ಬಿತ್ತು. ಶಾಲೆಯಿಂದ ಬಂದವಳೇ ಬ್ಯಾಗನ್ನು ಗೋಡೆಗೆ ಎಸೆಯುವಳು. ತಟ್ಟೆ ನೂಕುವಳು. ಒಂದು ಸಂಜೆ ಕನ್ನಡ ಪುಸ್ತಕದ ಹಾಳೆಗಳನ್ನು ಪರಪರನೆ ಹರಿದು ಹಾಕಿದಳು. ಕೇಳಿದರೆ "ಏನಿಲ್ಲ" ಎಂಬ ಒಂದೇ ಉತ್ತರ. ಬೀರಮ್ಮ ಮೊಮ್ಮಗಳ ಮುಖ ನೋಡಿ, "ಕಣ್ಣಾಗಿದೆ ಕಣಪ್ಪ, ತಡೆ ಒಡೆಸ್ಕೊಂಡ್ ಬಾ" ಎಂದು ದೃಷ್ಟಿ ತೆಗೆಸಲು ಹೇಳಿದರು. ಪಕ್ಕದ ಮನೆಯ ಸಿದ್ದರಾಜು, "ಎರಡು ಬಿಗಿದ್ರೆ ಎಲ್ಲಾ ನೆಟ್ಟಗಾಯ್ತದೆ" ಎಂದು ತೀರ್ಪು ಕೊಟ್ಟರು.

ಪುಸ್ತಕ ಹರಿದ ಸಂಜೆ ದೇವರಾಜು ಕೈ ಎತ್ತಿದ್ದು ನಿಜ. "ಅವಳು ಕಣ್ಣು ಮುಚ್ಕೊಂಡು ಕೆನ್ನೆ ಗಟ್ಟಿ ಮಾಡ್ಕೊಂಡ್ಲು ಸಾರ್. ನಾನು ಚಿಕ್ಕೋನಿದ್ದಾಗ ಅಂಗೇ ಮಾಡ್ತಿದ್ದೆ. ಏಟು ತಿಂದ್ರೂ ನಮ್ಮಪ್ಪಂಗೆ ಒಂದ್ ಮಾತೂ ಏಳ್ತಿರ್ಲಿಲ್ಲ. ಇವಳೂ ಏಳಲ್ಲ ಅಂತ ಅವತ್ತೇ ಗೊತ್ತಾಗೋಯ್ತು." ಎತ್ತಿದ ಕೈಯನ್ನು ಇಳಿಸಿ, ಹರಿದ ಹಾಳೆಗಳನ್ನು ಒಂದೊಂದಾಗಿ ಆಯ್ದು, ಮಂಗಳಮ್ಮ ಕಲಸಿಕೊಟ್ಟ ಮೈದಾ ಅಂಟಿನಲ್ಲಿ ಅಂಟಿಸುತ್ತ ಕೂತರು. ಮಗಳು ಮೂಲೆಯಲ್ಲಿ ನಿಂತು ನೋಡಿದಳು.

ಮುಂದಿನ ಭಾನುವಾರ ಅವಳನ್ನು ಗಾಡಿಯ ಹತ್ತಿರ ಕರೆತಂದರು. ಗಿರಾಕಿಯೊಬ್ಬರು ಸುಮ್ಮನೆ, "ಯಾವ ಸ್ಕೂಲು ಪುಟ್ಟಿ?" ಎಂದು ಕೇಳಿದ್ದೇ ನೆಪ. ದಿವ್ಯ ಖಾಲಿ ಬುರುಡೆಯೊಂದನ್ನು ಎತ್ತಿ ಹಿಂದಿನ ಬುರುಡೆಗಳ ಗುಡ್ಡೆಗೆ ರಪ್ಪನೆ ಬೀಸಿದಳು. ಬೈಗುಳಕ್ಕೆ ಕಾದು ನಿಂತಳು. ದೇವರಾಜು ಇನ್ನೊಂದು ಬುರುಡೆ ಎತ್ತಿ ಅವಳ ಕೈಗೆ ಕೊಟ್ಟರು.

"ಇನ್ನೂ ಜೋರಾಗಿ ಎಸಿ ಕಣವ್ವ. ಅದಕ್ಕೇನ್ ನೋವಾಗಲ್ಲ."

ಅವಳು ಎಸೆದಳು. ಮತ್ತೊಂದು, ಮಗದೊಂದು. ತೋಳು ಸೋತ ಮೇಲೆ ಕಟ್ಟೆಯ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಮಚ್ಚು ಕೆಳಗಿಟ್ಟು ಪಕ್ಕದಲ್ಲಿ ಕೂತರು. ಗಿರಾಕಿಗಳು ಬಂದರು, ನೋಡಿದರು, ಕಾದರು, ಕೆಲವರು ಹೋದರು. ದೇವರಾಜು ಏಳಲಿಲ್ಲ, ಏನನ್ನೂ ಕೇಳಲಿಲ್ಲ. ಕೊನೆಗೆ ಮಗಳೇ ಬಾಯಿ ಬಿಟ್ಟಳು.

ತರಗತಿಯಲ್ಲಿ ಅವಳನ್ನು ಎಬ್ಬಿಸಿ ಪಾಠ ಓದಿಸಿದ್ದರು. 'ಹಕ್ಕಿ ಮರದ ಮೇಲೆ ಕೂತಿತ್ತು' ಎಂದಿದ್ದುದನ್ನು ದಿವ್ಯ ಮನೆಯ ಮಾತಿನಂತೆಯೇ 'ಅಕ್ಕಿ ಮರದ ಮೇಲೆ ಕೂತಿತ್ತು' ಎಂದು ಓದಿದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಆಟದ ಬಯಲಿನಲ್ಲಿ ಅವಳ ಹೆಸರು 'ಅಕ್ಕಿಮೂಟೆ'.

ನಾಳೆಯೇ ಬಂದು ಮೇಡಂ ಹತ್ತಿರ ಮಾತಾಡುತ್ತೇನೆ ಎಂದರು ದೇವರಾಜು. ಮಗಳು ಗಾಬರಿಯಾದಳು. "ಬ್ಯಾಡ ಅಪ್ಪ. ನೀನೂ ಅಂಗೇ ಮಾತಾಡ್ತೀಯ. ನಿನ್ನೂ ನೋಡಿ ನಗ್ತಾರೆ."

ಮಗಳ ಆ ಮಾತನ್ನು ನೆನೆಯುವಾಗ ದೇವರಾಜು ಮಚ್ಚನ್ನು ಒರೆಸಿ ಗಾಡಿಯ ಮೇಲಿಡುತ್ತಾರೆ. "ಮಗಳಿಗೆ ನನ್ ಕಂಡ್ರೆ ನಾಚ್ಕೆ ಆಯ್ತದೇನೋ ಅಂದ್ಕೊಂಡೆ ಸಾರ್. ಆಮೇಲೆ ನೋಡಿದ್ರೆ, ನನಗೆ ನೋವಾಗ್ಬಾರ್ದು ಅಂತ ಅವಳೇ ಅಡ್ಡ ನಿಂತವ್ಳೆ." ಮಗಳಿಗೆ ಅವರು ಹೇಳಿದ್ದಿಷ್ಟೇ: "ನಕ್ಕರೆ ನಗ್ಲಿ ಬುಡು. ಆದ್ರೆ ನೀನು ಬಾ ಅನ್ನೋಗಂಟ ನಾನು ಬರಲ್ಲ." ಮಂಗಳಮ್ಮನಿಗೆ ಇದು ಸರಿ ಕಾಣಲಿಲ್ಲ. "ಮಗೀನ ಮಾತು ಕೇಳ್ಕೊಂಡು ಕೂತ್ಕೊತಾರಾ?" ಎಂದು ಸಿಡುಕಿದರು. ದೇವರಾಜು ಜಗ್ಗಲಿಲ್ಲ. ಕೊಟ್ಟ ಮಾತು ಮುರಿದರೆ ಮತ್ತೆ ಅವಳು ಯಾವುದನ್ನೂ ಹೇಳುವುದಿಲ್ಲ ಎಂಬುದು ಅವರ ಲೆಕ್ಕ.

ಕಾಯುವ ಆ ದಿನಗಳಲ್ಲಿ ಅಪ್ಪ ಮಗಳು ಒಂದು ಕೆಲಸ ಹಚ್ಚಿಕೊಂಡರು. ಎದುರಿನ ಯೋಗಶಾಲೆಯ ಮೆಟ್ಟಿಲ ಮೇಲೆ ವಿದೇಶದವರು ಕೂತು 'ಹಾ' ಎಂದು ಉದ್ದಕ್ಕೆ ಉಸಿರು ಬಿಡುತ್ತಿದ್ದುದನ್ನು ದೇವರಾಜು ತೋರಿಸಿದರು. "ನೋಡವ್ವ, ಉಸಿರು ಬುಡೋದ ಕಲಿಯಕ್ಕೆ ಜನ ಇಮಾನ ಅತ್ಕೊಂಡು ಬತ್ತಾರೆ. ನಾವು ಇಲ್ಲೇ ಇದ್ಕೊಂಡು ಒಂದ್ 'ಹ' ಬುಡಕ್ಕಾಗಲ್ವಾ?" ಸಂಜೆ ಹೊಸ್ತಿಲಲ್ಲಿ ಕೂತು ಇಬ್ಬರೂ ಅಂಗೈಗೆ ಉಸಿರು ತಾಕುವಂತೆ ಹಕ್ಕಿ, ಹಾಲು, ಹುಲಿ ಎಂದು ಶುರುವಿಟ್ಟರು. ಬೀರಮ್ಮನೂ ಬಂದು ಸೇರಿಕೊಂಡು 'ಹ' ಇಲ್ಲದ ಕಡೆಯೂ ಧಾರಾಳವಾಗಿ ಹಾಕಿದರು. ಅಕ್ಕ 'ಹಕ್ಕ' ಆದಳು, ಇಡ್ಲಿ ಹಿಡ್ಲಿಯಾಯಿತು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ದಿವ್ಯ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಅದಾಗಿ ಕೆಲವು ದಿನಕ್ಕೆ ಅವಳೇ ಬಂದು, "ಅಪ್ಪ, ನಾಳೆ ಬತ್ತೀಯಾ?" ಎಂದಳು.

ದೇವರಾಜು ಒಗೆದ ಅಂಗಿ ತೊಟ್ಟು ಶಾಲೆಗೆ ಹೋದರು. ತರಗತಿಯ ಶಿಕ್ಷಕಿ ಚಂದ್ರಮತಿಯವರಿಗೆ ಅಡ್ಡಹೆಸರಿನ ವಿಷಯವೇ ತಿಳಿದಿರಲಿಲ್ಲ. "ಅವರು ದೂರು ಹೇಳೋಕೆ ಬಂದಿರಲಿಲ್ಲ. ಯಾರನ್ನೂ ಬೈಬೇಡಿ ಮೇಡಂ, ನನ್ ಮಗಳು ಇಲ್ಲಿ ನಗ್ತಾ ಕೂತ್ಕೊಳೋ ಅಂಗೆ ಮಾಡಿ ಅಂದರು" ಎಂದು ಚಂದ್ರಮತಿ ನೆನೆಯುತ್ತಾರೆ. ಅಡ್ಡಹೆಸರು ಕೂಗುತ್ತಿದ್ದ ಮಕ್ಕಳನ್ನು ಅವರು ಕೂರಿಸಿ ಮಾತಾಡಿಸಿದರು. ಜೊತೆಗೆ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಆಡುವ ಮಾತಿನಲ್ಲೇ ಒಂದು ಕತೆ ಹೇಳಬೇಕೆಂದು ಗೊತ್ತು ಮಾಡಿದರು. ಒಬ್ಬ ತಮಿಳು ಬೆರೆಸಿ ಹೇಳಿದ, ಒಬ್ಬಳು ಉರ್ದು ಬೆರೆಸಿದಳು. ದಿವ್ಯ, ಅಜ್ಜಿಯ ಎಲೆಯಡಿಕೆ ಚೀಲವನ್ನು ಊರ ಮೇಕೆ ಕದ್ದು ತಿಂದ ಕತೆಯನ್ನು ಅಜ್ಜಿಯ ದನಿಯಲ್ಲೇ ಹೇಳಿದಳು. ತರಗತಿ ಮತ್ತೆ ಬಿದ್ದು ಬಿದ್ದು ನಕ್ಕಿತು. ಈ ಸಲ ನಗಿಸಿದವಳು ಅವಳೇ. 'ಅಕ್ಕಿಮೂಟೆ' ಎಂದು ಮೊದಲು ಕೂಗಿದ್ದ ಶರಣ್ಯಾ ಈಗ ಅವಳ ಪಕ್ಕದಲ್ಲೇ ಕೂರುತ್ತಾಳೆ. ಆಗಾಗ ಜಗಳವೂ ಉಂಟು.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಬೇಕೆಂದು ದೇವರಾಜು ಬಯಸುವುದೂ ಇಲ್ಲ. "ಸಿಟ್ಟು ಬಂದ್ರೆ ಬರ್ಲಿ, ಅದೂ ಒಟ್ಟೆ ಅಸಿದಂಗೇ ಅಲ್ವಾ" ಎನ್ನುತ್ತಾರೆ. ಎರಡು ಬಿಗಿಯಲು ಹೇಳಿದ್ದ ಸಿದ್ದರಾಜು, ಮೊನ್ನೆ ತಮ್ಮ ಮಗ ಬಾಗಿಲು ಹಾಕಿಕೊಂಡು ಕೂತಾಗ ಬಂದು, "ಏನ್ ಮಾಡ್ಲಿ ದೇವರಾಜಣ್ಣ?" ಎಂದು ಕೇಳಿದರಂತೆ. "ಬಾಗ್ಲು ಬಡೀಬ್ಯಾಡ, ಒರಗೆ ಕೂತ್ಕೊ ಅಂದೆ. ನನಗೆ ಅಷ್ಟೇ ಗೊತ್ತಿರೋದು."

ಬಿಸಿಲೇರುತ್ತದೆ. ಗಾಡಿಯ ಮೇಲಿನ ರಾಶಿ ತಗ್ಗಿದೆ. ಮಗಳು ಏನಾಗಬೇಕೆಂಬ ಆಸೆ ಎಂದು ಕೇಳಿದರೆ, ದೇವರಾಜು ಕಾಯಿ ಕೆತ್ತುವುದನ್ನು ನಿಲ್ಲಿಸದೆ ಹೇಳುತ್ತಾರೆ:

"ಅವಳು ಏನ್ ಬೇಕಾದ್ರೂ ಆಗ್ಲಿ ಸಾರ್. ಮುಂದೆ ಮದ್ವೆ ಆಗಿ, ಮಕ್ಳಾಗಿ, ಎಲ್ಲೋ ದೂರದಾಗೆ ಇದ್ರೂ, ಮನಸಿಗೆ ಬೇಜಾರಾದ ದಿನ ಮೊದ್ಲು ಅಪ್ಪಂಗೆ ಫೋನ್ ಮಾಡನ ಅನ್ನಿಸ್ಬೇಕು. ಅಷ್ಟು ಸಂಪಾದ್ನೆ ಮಾಡಿದ್ರೆ ಸಾಕು ನಂಗೆ."